ಲಾರಿ ಸಿಗುತ್ತದೆ, ಲೋಡು ಸಿಗುತ್ತದೆಯೇ?

2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ತೆರಿಗೆ ಸೇರುವ ಮೊದಲು 20 ಲಕ್ಷ ಬೆಲೆಯಿದ್ದ ಲಾರಿಯಲ್ಲಿ ಒಮ್ಮೆಗೇ ಎರಡು ಲಕ್ಷ ಉಳಿಯಿತು. ಸರಕು ವಾಹನಗಳ ಥರ್ಡ್ ಪಾರ್ಟಿ ವಿಮೆಯ ಮೇಲಿನ ತೆರಿಗೆಯೂ ಶೇ. 12ರಿಂದ ಶೇ. 5ಕ್ಕೆ ಬಂತು. ಕಟ್ಟಿದ ತೆರಿಗೆಯನ್ನು ಎಲ್ಲಿಯೂ ಹಿಂದಕ್ಕೆ ಪಡೆಯಲಾಗದ ಒಂಟಿ ಗಾಡಿಯ ಮಾಲೀಕನಿಗೆ ಇದು ನಿಜವಾದ ಲಾಭ, ಅಲ್ಲಗಳೆಯುವಂತಿಲ್ಲ. ಅದಕ್ಕೇ ಈಗ, ಕಂತು ತಪ್ಪಿ ಗಾಡಿ ಎಳೆದುಕೊಂಡು ಹೋಗುವ ಕಾಲ ಬರುವ ಮೊದಲೇ, ಒಂದು ಮಾತು ಹೇಳಿಬಿಡಬೇಕು. ಮುಂಬಯಿಯ ಜೋಗೇಶ್ವರಿಯಲ್ಲಿ ಪರರ ಗಾಡಿ ಓಡಿಸುತ್ತಿರುವ ನಮ್ಮ ಹುಡುಗರು ಸ್ವಂತದ್ದೊಂದು ಹಾಕಲು ಇದೇ ಸಮಯ ಎಂದುಕೊಂಡಿದ್ದರೆ, ಗಾಡಿ ಅಗ್ಗವಾದದ್ದು ಅವರೊಬ್ಬರಿಗಲ್ಲ ಎಂಬುದು ನೆನಪಿರಲಿ. ಭಿವಂಡಿಯವನಿಗೂ ನಾಮಕ್ಕಲ್‌ನವನಿಗೂ ಅದೇ ದಿನ ಅಗ್ಗವಾಗಿದೆ. ರಸ್ತೆಗಿಳಿಯುವ ಗಾಡಿ ಹೆಚ್ಚಿ ಮಾಲು ಅಷ್ಟೇ ಇದ್ದರೆ ಬಾಡಿಗೆ ಇಳಿಯುತ್ತದೆ. ಕಂತು ಮಾತ್ರ ಇಳಿಯುವುದಿಲ್ಲ.

ಈ ಕಸುಬಿಗೆ ಬರುವ ಬಾಗಿಲುಗಳು ಒಂದೊಂದಾಗಿ ಸಡಿಲವಾಗಿವೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಬೇರೆ ಅನುಮೋದನೆ ಇಲ್ಲದೆ ಓಡಿಸಬಹುದು ಎಂದಿತು. ಅದೇ ವರ್ಷದ ಬಜೆಟ್ಟು, ಮುದ್ರಾ ಯೋಜನೆಯ ಹಳೆಯ ತರುಣ್ ಸಾಲವನ್ನು ಸರಿಯಾಗಿ ತೀರಿಸಿದವರಿಗೆ ಮಿತಿಯನ್ನು 10 ಲಕ್ಷದಿಂದ 20 ಲಕ್ಷಕ್ಕೆ ಏರಿಸಿತು. ಒಟ್ಟು ತೂಕ 3,000 ಕೆ.ಜಿ. ಮೀರದ ಟೆಂಪೋಗೆ ಮೋಟಾರು ವಾಹನ ಕಾಯ್ದೆಯಲ್ಲಿ ಪರ್ಮಿಟ್ಟೇ ಬೇಡ. 2005ರಲ್ಲಿ ಟಾಟಾ ಏಸ್ ಬಂದು ಛೋಟಾ ಹಾಥಿ ಎಂದು ಹೆಸರಾದಾಗಿನಿಂದ ಮುಂಬಯಿಯ ಗಲ್ಲಿಗಲ್ಲಿಯಲ್ಲೂ ಅಂಥ ಗಾಡಿಗಳಿರುವುದು ಇದರಿಂದಲೇ. ಒಳ್ಳೆಯದೇ. ಆದರೆ ಬಾಗಿಲು ದೊಡ್ಡದಾದಷ್ಟೂ ಒಳಗೆ ಗುಂಪು ಹೆಚ್ಚು.

ಸ್ವಂತ ಗಾಡಿಯ ಆಸೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಓಶಿವರಾದ ಫರ್ನಿಚರ್ ಅಂಗಡಿಗಳಿಗೆ ಪ್ಲೈವುಡ್ ಹೊತ್ತು, ಸೀಪ್ಜ್ ಮತ್ತು ಮರೋಳ ಎಂಐಡಿಸಿಯ ಗೇಟಿನಲ್ಲಿ ತಾಸುಗಟ್ಟಲೆ ನಿಂತು, ಗೋರೆಗಾಂವ್ ಫಿಲ್ಮ್ ಸಿಟಿಗೆ ಸೆಟ್ಟಿನ ಸಾಮಾನು ಸಾಗಿಸಿ, ತಿಂಗಳ ಕೊನೆಗೆ ಸಂಬಳ ಎಂದು ಸಿಗುವುದನ್ನು ಎಣಿಸುವವನಿಗೆ ಶೇಠನ ಲಾಭದ ಲೆಕ್ಕ ಬಾಯಿಪಾಠವಾಗಿರುತ್ತದೆ. ಇಂಥ ಟ್ರಿಪ್ಪಿಗೆ ಇಷ್ಟು ಭಾಡಾ ಬಂತು, ಡೀಸೆಲ್ಲಿಗೆ ಇಷ್ಟು ಹೋಯಿತು, ಉಳಿದದ್ದೆಲ್ಲ ಶೇಠನಿಗೆ ಎಂದು ಅವನಿಗೆ ಕಾಣುತ್ತದೆ. ಲೆಕ್ಕ ತಪ್ಪಲ್ಲ, ಅರ್ಧ ಮಾತ್ರ. ಶೇಠನಿಗೆ ಆ ಮಾಲು ಹೇಗೆ ಸಿಕ್ಕಿತು, ದುಡ್ಡು ಎಂದು ಬಂತು, ಅಷ್ಟು ದಿನ ಅವನು ಯಾವ ಹಣದಲ್ಲಿ ಗಾಡಿ ಓಡಿಸಿದ ಎಂಬುದು ಸ್ಟೇರಿಂಗಿನ ಮುಂದೆ ಕೂತವನಿಗೆ ಕಾಣುವುದಿಲ್ಲ.

ಇದು ಹಿಂದೊಮ್ಮೆ ನಡೆದುಹೋದ ಕತೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ಆಕ್ಸಲ್ ಭಾರದ ಮಿತಿಯನ್ನು ಏರಿಸಿತು. ಎರಡು ಆಕ್ಸಲ್ಲಿನ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5 ಟನ್ನಿಗೆ ಹೋಯಿತು. ಉಳಿದ ವರ್ಗಗಳಲ್ಲೂ ಹೆಚ್ಚುಕಡಿಮೆ ಹೀಗೆಯೇ. ಹೆಚ್ಚು ಹೇರಬಹುದು ಎಂದು ಲಾರಿಯವರು ಹಿಗ್ಗಿದ್ದುಂಟು. ಆದರೆ ಇದರ ಇನ್ನೊಂದು ಅರ್ಥ, ಒಂದೇ ಒಂದು ಹೊಸ ಗಾಡಿ ಬರದೆಯೇ ದೇಶದ ಲಾರಿಗಳಿಗೆಲ್ಲ ಹೊರುವ ಶಕ್ತಿ ಒಂದು ಪಾಲು ಹೆಚ್ಚಾಯಿತು ಎಂದು. ಮೊದಲು ಆರು ಲಾರಿ ಕರೆಯುತ್ತಿದ್ದ ಕಾರ್ಖಾನೆಗೆ ಐದೇ ಸಾಕಾಯಿತು. ಆ ಆರನೆಯ ಲಾರಿ ಯಾರದಿರುತ್ತದೆ? ವರ್ಷದ ಗುತ್ತಿಗೆ ಇರುವ ದೊಡ್ಡ ಕಂಪನಿಯದಂತೂ ಅಲ್ಲ. ಅದೇ ತಿಂಗಳು ಡೀಸೆಲ್ ಬೆಲೆ, ಟೋಲು, ವಿಮೆಯ ಪ್ರೀಮಿಯಂ ಎಂದು ಅಖಿಲ ಭಾರತ ಮುಷ್ಕರ ಎಂಟು ದಿನ ನಡೆಯಿತು. ಮುಂದಿನ ವರ್ಷ ಆರ್ಥಿಕತೆಯೇ ನಿಧಾನವಾಯಿತು, ಹೊಸ ಲಾರಿಗಳ ಮಾರಾಟ ನೆಲಕಚ್ಚಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ರಿಸರ್ವ್ ಬ್ಯಾಂಕು ಕಂತಿಗೆ ಮೊದಲು ಮೂರು ತಿಂಗಳು, ಮತ್ತೆ ಮೂರು ತಿಂಗಳು ವಿರಾಮ ಕೊಡಲು ಬ್ಯಾಂಕುಗಳಿಗೆ ಅವಕಾಶ ಮಾಡಿತು. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. 2018ರ ಹುಮ್ಮಸ್ಸಿನಲ್ಲಿ ಗಾಡಿ ಹಾಕಿದ ಒಂಟಿ ಮಾಲೀಕರಿಗೆ ಒಂದರ ಮೇಲೊಂದು ಬಿದ್ದ ಪೆಟ್ಟುಗಳಿವು.

ಟ್ಯಾಕ್ಸಿಯಲ್ಲೂ ಈ ನಗರ ಅದನ್ನೇ ನೋಡಿದೆ. ಆ್ಯಪ್ ಕಂಪನಿಗಳ ಆರಂಭದ ಪ್ರೋತ್ಸಾಹಧನ ನಂಬಿ ಸಾಲದ ಮೇಲೆ ಕಾರು ತೆಗೆದುಕೊಂಡವರು, ಆ ಹಣ ಕರಗಿದ ಮೇಲೆ 2018ರಲ್ಲಿ, ಮಾರ್ಚಿನಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ, ಮುಂಬಯಿಯಲ್ಲಿ ಗಾಡಿ ನಿಲ್ಲಿಸಿ ಬೀದಿಗಿಳಿದರು. ಇವತ್ತು ಟೆಂಪೋ ಕರೆಯುವುದಕ್ಕೂ ಆ್ಯಪ್ ಇದೆ. ಲೋಡು ತಾನಾಗಿ ಫೋನಿಗೆ ಬರುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ದರ ನಿಶ್ಚಯಿಸುವವನು ಗಾಡಿಯ ಮಾಲೀಕನಲ್ಲ, ನಾಳೆ ಆ ದರ ಇಷ್ಟೇ ಇರುತ್ತದೆ ಎಂದು ಬರೆದುಕೊಟ್ಟವರೂ ಯಾರೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂಟಿ ಗಾಡಿಯವನನ್ನು ಮುಳುಗಿಸುವುದು ಸಾಮಾನ್ಯವಾಗಿ ನಷ್ಟವಲ್ಲ, ತಡ. ಕಂತಿಗೆ ತಾರೀಖು ಇದೆ, ಬಾಡಿಗೆಗೆ ಇಲ್ಲ.

ಉದಾಹರಣೆಗೆ 20 ಲಕ್ಷ ಸಾಲ, ಶೇ. 12 ಬಡ್ಡಿ, ನಾಲ್ಕು ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು 52,668 ರೂಪಾಯಿ. ಮಳೆ ಬರಲಿ, ಗಣಪತಿ ಬರಲಿ, ಊರಲ್ಲಿ ತಂಗಿಯ ಮದುವೆ ಬರಲಿ, ಆ ದಿನ ಖಾತೆಯಲ್ಲಿ ಅಷ್ಟು ಇರಲೇಬೇಕು. ಈ ಗಾಡಿ ಬೆಂಗಳೂರಿಗೆ ಹೊರಟಿತೆನ್ನಿ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಹೆಚ್ಚುಕಡಿಮೆ 980 ಕಿ.ಮೀ. ಲೀಟರಿಗೆ ನಾಲ್ಕು ಕಿ.ಮೀ. ಕೊಟ್ಟರೆ 245 ಲೀಟರು, ಡೀಸೆಲ್ 90 ರೂಪಾಯಿಯಾದರೆ 22,000 ರೂಪಾಯಿ ಒಂದು ದಿಕ್ಕಿಗೇ ಬೇಕು. ಫಾಸ್ಟ್‌ಟ್ಯಾಗ್‌ನಲ್ಲಿ ಟೋಲಿನ ದುಡ್ಡು ಮೊದಲೇ ತುಂಬಿರಬೇಕು. ಕ್ಲೀನರ್ ಇದ್ದರೆ ಅವನ ಭತ್ಯೆ, ದಾರಿಯ ಊಟ, ಹಮಾಲಿ ಇವೆಲ್ಲ ರೊಕ್ಕದ ವ್ಯವಹಾರ. ಬಾಡಿಗೆ ಹಾಗಲ್ಲ. ದಲಾಲನ ಮೂಲಕ ಹೋದ ಲೋಡಿಗೆ ಒಂದಿಷ್ಟು ಅಡ್ವಾನ್ಸ್ ಸಿಗುತ್ತದೆ; ಬ್ಯಾಲೆನ್ಸ್ ಬೇಕಾದರೆ ಮಾಲು ಇಳಿಸಿ, ಸಹಿ ಬಿದ್ದ ಬಿಲ್ಟಿಯನ್ನು ತಂದು ಒಪ್ಪಿಸಬೇಕು. ಒಂದು ಪೆಟ್ಟಿಗೆ ಒದ್ದೆಯಾಗಿದೆ ಎಂದು ಅಲ್ಲೊಂದು ಷರಾ ಬಿದ್ದರೆ ಆ ಬ್ಯಾಲೆನ್ಸ್ ಮತ್ತೆ ಕೈಗೆ ಬಂದಾಗಲೇ ಬಂತು. ನೇರವಾಗಿ ಕಂಪನಿಯ ಕೆಲಸ ಹಿಡಿದರೆ ದಲಾಲಿ ಉಳಿಯುತ್ತದೆ, ನಿಜ. ಆದರೆ ಅಲ್ಲಿ ಬಿಲ್ಲು ಪಾಸಾಗಲು ತಿಂಗಳು, ಒಂದೂವರೆ ತಿಂಗಳು ಎನ್ನುವುದು ಮಾಮೂಲು. ಅಲ್ಲಿಯವರೆಗೆ ಡೀಸೆಲ್ಲಿಗೆ, ಕಂತಿಗೆ ಯಾರು ಕೊಡುತ್ತಾರೆ? ಕೈಗಡ ಕೊಡುವವನು. ಅವನ ಬಡ್ಡಿ ಮಾತ್ರ ತಿಂಗಳ ಲೆಕ್ಕ. ಲಾಭದಲ್ಲಿ ಓಡುತ್ತಿರುವ ಗಾಡಿಯನ್ನೂ ಈ ಸಂದು ನುಂಗಬಲ್ಲದು.

ವಾಪಸು ಲೋಡು ಎನ್ನುವುದು ಇನ್ನೊಂದು ಜೂಜು. ಹೋಗುವಾಗಿನ ಬಾಡಿಗೆ ನೋಡಿ ಒಪ್ಪಿಕೊಂಡವನು ಬೆಂಗಳೂರಲ್ಲಿ ಎರಡು ದಿನ ಕಾಯುತ್ತಾನೆ, ಮೂರನೆಯ ದಿನ ಸಿಕ್ಕ ದರಕ್ಕೆ ಹೇರಿಕೊಂಡು ಬರುತ್ತಾನೆ. ದೊಡ್ಡ ಕಂಪನಿಗೆ ಎರಡೂ ತುದಿಯಲ್ಲಿ ಬುಕಿಂಗ್ ಆಫೀಸು ಇರುತ್ತದೆ. ಒಂಟಿ ಗಾಡಿಯವನಿಗೆ ಇರುವುದು ಒಂದು ಫೋನು, ಎರಡು ಮೂರು ದಲಾಲರ ನಂಬರು. ಖಾಲಿ ಬಂದರೂ ಡೀಸೆಲ್ ಖರ್ಚು ಅಷ್ಟೇನೂ ತಗ್ಗುವುದಿಲ್ಲ. ಆಗ ಶುರುವಾಗುವುದೇ ಮಿತಿ ಮೀರಿ ಹೇರುವ ಚಪಲ. 2019ರ ಸೆಪ್ಟೆಂಬರಿನಿಂದ ಹೆಚ್ಚುವರಿ ಭಾರಕ್ಕೆ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಒಮ್ಮೆ ಸಿಕ್ಕಿಬಿದ್ದರೆ ಎರಡು ಮೂರು ಟ್ರಿಪ್ಪಿನ ದುಡಿಮೆ ಹೋಯಿತು.

ಮೊದಲ ಎರಡು ವರ್ಷ ಇದ್ಯಾವುದೂ ಅಷ್ಟಾಗಿ ಕಾಡುವುದಿಲ್ಲ ಎಂಬುದೇ ಮೋಸ. ಹೊಸ ಗಾಡಿಗೆ ಎರಡು ವರ್ಷ ಪಾಸಿಂಗಿನ ತಲೆನೋವಿಲ್ಲ. ಕಂಪನಿಯ ವಾರಂಟಿ ಇರುತ್ತದೆ. ಟೈರು ಹೊಸದು, ಕ್ಲಚ್ಚು ಹೊಸದು. ತಿಂಗಳ ಕೊನೆಗೆ ಒಂದಿಷ್ಟು ಉಳಿಯುತ್ತದೆ, ಉಳಿದದ್ದೆಲ್ಲ ಲಾಭ ಎನಿಸುತ್ತದೆ, ಊರಲ್ಲಿ ಮನೆಯ ಸ್ಲ್ಯಾಬು ಬೀಳುತ್ತದೆ. ಮೂರನೆಯ ವರ್ಷ ಆರೂ ಟೈರು ಒಟ್ಟಿಗೆ ಬಾಯಿ ಬಿಡುತ್ತವೆ. ಲಕ್ಷದ ಮೇಲಿನ ಖರ್ಚು. ಫಿಟ್‌ನೆಸ್ಸಿಗೆ ಹೋಗುವ ಮೊದಲು ಬಣ್ಣ, ಬಾಡಿ, ಬ್ರೇಕು. 2020ರ ಏಪ್ರಿಲ್ ನಂತರದ ಬಿಎಸ್-6 ಎಂಜಿನ್ನುಗಳಲ್ಲಿ ಹೊಗೆ ಶುದ್ಧಮಾಡುವ ಯೂರಿಯಾ ದ್ರಾವಣ, ಸೆನ್ಸರು, ಫಿಲ್ಟರು ಎಂದು ಮತ್ತೊಂದು ಸಂಸಾರ. ಹಳೆಯ ಲಾರಿಯನ್ನು ಹೆದ್ದಾರಿಯ ಬದಿಯ ಮಿಸ್ತ್ರಿ ಸುತ್ತಿಗೆ, ಸ್ಪ್ಯಾನರಿನಲ್ಲೇ ಎಬ್ಬಿಸಿ ಕಳಿಸುತ್ತಿದ್ದ. ಇದಕ್ಕೆ ಲ್ಯಾಪ್‌ಟಾಪ್ ಹಚ್ಚಬೇಕು. ಕಿಲೋಮೀಟರಿಗೆ ಇಷ್ಟು ಎಂದು ಮೊದಲ ದಿನದಿಂದ ಬೇರೆ ಖಾತೆಯಲ್ಲಿ ತೆಗೆದಿಡದವನಿಗೆ ಮೂರನೆಯ ವರ್ಷದ ಹಣ ಎಲ್ಲಿಂದ ಬರಬೇಕು?

ಇನ್ನು ಜೋಗೇಶ್ವರಿಯ ಮಾತು. ಇಲ್ಲಿ ನಿಂತು ನೋಡಿದರೆ ಗಾಡಿಯ ಕಸುಬಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎನಿಸುವುದು ಸಹಜ. ಪಕ್ಕದಲ್ಲೇ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಪೂರ್ವಕ್ಕೆ ವಿಕ್ರೋಲಿ ಲಿಂಕ್ ರೋಡು, ಆಚೆಗೆ ಎಸ್.ವಿ. ರೋಡು. ಆದರೆ ರಸ್ತೆ ಇದ್ದರೆ ಸಾಲದು, ಮಾಲು ಇಲ್ಲಿಂದ ಏಳಬೇಕು. 2017ರ ಜುಲೈ 1ರಂದು ಜಿಎಸ್‌ಟಿಯೊಂದಿಗೆ ಮುಂಬಯಿಯ ಆಕ್ಟ್ರಾಯ್ ಹೋಯಿತು. ದಹಿಸರ್, ಮುಲುಂಡ್ ನಾಕಾಗಳಲ್ಲಿ ಲಾರಿಗಳ ಸಾಲು ಕರಗಿತು. ನಾಕಾ ದಾಟುವ ಕಿರಿಕಿರಿ ಇಲ್ಲದ ಮೇಲೆ ನಗರದೊಳಗೇ ಗೋದಾಮು ಇಟ್ಟುಕೊಳ್ಳುವ ಅಗತ್ಯವೂ ಕಡಿಮೆಯಾಯಿತು. ಇಂದು ದೊಡ್ಡ ಗೋದಾಮುಗಳ ಊರು ಭಿವಂಡಿ. ಇತ್ತ ಜೋಗೇಶ್ವರಿ, ಅಂಧೇರಿಯ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟುಗಳ ಜಾಗದಲ್ಲಿ ಒಂದೊಂದಾಗಿ ಆಫೀಸು, ವಸತಿ ಗೋಪುರ ಏಳುತ್ತಿವೆ. ಲೇತ್ ಮಷೀನು ಇದ್ದ ಕಡೆ ಲೋಡು ಏಳುತ್ತಿತ್ತು. ಕಂಪ್ಯೂಟರ್ ಇಟ್ಟ ಕಡೆ ಏಳುವುದಿಲ್ಲ. ಮರುಅಭಿವೃದ್ಧಿಯ ಕಟ್ಟಡಗಳಿಂದ ಸಿಮೆಂಟು, ಮರಳು, ಡೆಬ್ರಿಸ್ ಎಂದು ಈಗ ಕೆಲಸ ಇದೆ. ಅದನ್ನು ನಂಬಿ ಡಂಪರ್ ಹಾಕುವವರು ಆ ಕೆಲಸ ಕಟ್ಟಡ ಮುಗಿಯುವವರೆಗೆ ಮಾತ್ರ, ಮಳೆಗಾಲದಲ್ಲಿ ಅದೂ ಅರೆಬರೆ ಎಂದು ತಿಳಿದು ಹಾಕಲಿ.

ನಿಲ್ಲಿಸುವುದೆಲ್ಲಿ ಎಂಬುದು ಇನ್ನೊಂದು. ಟ್ರಕ್ ಟರ್ಮಿನಲ್ ಇರುವುದು ವಡಾಲಾದಲ್ಲಿ, ಕಲಂಬೋಲಿಯಲ್ಲಿ. ಜೋಗೇಶ್ವರಿಯವನು ರಾತ್ರಿ ಸರ್ವಿಸ್ ರೋಡಿನ ಅಂಚಿನಲ್ಲಿ ನಿಲ್ಲಿಸುತ್ತಾನೆ, ಬೆಳಗಾಗುವಷ್ಟರಲ್ಲಿ ಫೋನಿಗೆ ಇ-ಚಲನ್ ಬಂದಿರುತ್ತದೆ. ಬೆಳಿಗ್ಗೆ ಸಂಜೆ ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಗರದ ರಸ್ತೆಗಳಲ್ಲಿ ನಿರ್ಬಂಧ. ಲಿಂಕ್ ರೋಡಿನ ಮೇಲೆ ಆರನೇ ಮೆಟ್ರೋ ಮಾರ್ಗದ ಕಾಮಗಾರಿಯಿಂದ ಇದ್ದ ಜಾಗವೂ ಕಿರಿದಾಯಿತು. 2025ರ ಜುಲೈ ಆರಂಭದಲ್ಲಿ ಮಹಾರಾಷ್ಟ್ರದ ಸಾಗಣೆದಾರರು ಮುಷ್ಕರಕ್ಕೆ ಇಳಿದಾಗ ಮೊದಲ ದೂರು ಇ-ಚಲನ್‌ನದೇ ಆಗಿತ್ತು. 2024ರ ಅಕ್ಟೋಬರಿನಲ್ಲಿ ಮುಂಬಯಿ ಪ್ರವೇಶದ ಐದು ನಾಕಾಗಳಲ್ಲಿ ಟೋಲು ಮಾಫಿಯಾದದ್ದು ಕಾರಿನಂಥ ಹಗುರ ವಾಹನಗಳಿಗೆ. ದೊಡ್ಡ ಲಾರಿಯವನು ಈಗಲೂ ಕಟ್ಟುತ್ತಾನೆ.

ಉತ್ತರದ ಕಡೆಯಿಂದಲೂ ಒಂದು ಬದಲಾವಣೆ ಬರುತ್ತಿದೆ. ಜವಾಹರಲಾಲ್ ನೆಹರು ಬಂದರಿನಿಂದ ದಿಲ್ಲಿಯ ಹತ್ತಿರದ ದಾದ್ರಿಯವರೆಗೆ ಸುಮಾರು 1,500 ಕಿ.ಮೀ. ಉದ್ದದ ಪಶ್ಚಿಮ ಸರಕು ರೈಲು ಮಾರ್ಗ ಪೂರ್ಣ ಪ್ರಮಾಣದಲ್ಲಿ ಓಡತೊಡಗಿದ ಮೇಲೆ, ಗುಜರಾತು, ರಾಜಸ್ಥಾನದ ಕಡೆಯ ಕಂಟೇನರುಗಳಲ್ಲಿ ಒಂದು ಪಾಲು ರಸ್ತೆ ಬಿಟ್ಟು ಹಳಿ ಹತ್ತುವುದು ಖಂಡಿತ. ನಮ್ಮವರು ಕಂಟೇನರ್ ಎಳೆಯುವುದಿಲ್ಲವಲ್ಲ ಎನ್ನಬಹುದು. ಎಳೆಯುತ್ತಿದ್ದವರು ಸುಮ್ಮನೆ ಕೂರುತ್ತಾರೆಯೇ? ಸೂರತ್, ವಾಪಿ, ನಾಸಿಕ್ ಎಂದು ಹತ್ತಿರದ ದಾರಿಗಳಿಗೆ ಇಳಿಯುತ್ತಾರೆ, ಅಲ್ಲಿನ ದರವನ್ನೂ ಇಳಿಸುತ್ತಾರೆ.

ಸಾಲದ ಕಾಗದದ ಬಗ್ಗೆ ಎರಡೇ ಮಾತು. ಶೋರೂಮಿನಲ್ಲಿ ಹೇಳುವ "ಫ್ಲ್ಯಾಟ್ ಎಂಟು ಪರ್ಸೆಂಟ್" ಎಂಟಲ್ಲ. ಹತ್ತು ಲಕ್ಷಕ್ಕೆ ನಾಲ್ಕು ವರ್ಷ ಹಾಗೆ ಕಟ್ಟಿದರೆ ಕಂತು 27,500. ಉಳಿದ ಸಾಲದ ಮೇಲಿನ ಬಡ್ಡಿಯಾಗಿ ಲೆಕ್ಕ ಹಾಕಿದರೆ ಅದು ಶೇ. 14 ದಾಟುತ್ತದೆ. ಹಳೆಯ ಗಾಡಿ ಕೊಳ್ಳುವವರು ಬಾಕಿ ಚಲನ್, ರಸ್ತೆ ತೆರಿಗೆ, ಆರ್‌ಸಿಯ ಮೇಲಿನ ಹಳೆಯ ಸಾಲದ ನಮೂದು ಇವನ್ನು ನೋಡದೆ ಮುಂಗಡ ಕೊಡಬಾರದು. ಹೆಸರು ವರ್ಗಾವಣೆ ನಾಳೆ ಮಾಡಿಕೊಳ್ಳೋಣ ಎನ್ನುವುದು ಮಾರುವವನಿಗೂ ಅಪಾಯ: ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿಯ ವಿಮೆ ಇದೆ ಎಂದರೆ ಒಳಗಿನ ಮಾಲಿಗೂ ಇದೆ ಎಂದುಕೊಳ್ಳಬೇಡಿ. ಮಾಲೀಕನೇ ಚಾಲಕನಾಗಿದ್ದರೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯೇ ಎಂದು ಪಾಲಿಸಿಯಲ್ಲಿ ಬೆರಳಿಟ್ಟು ನೋಡಿ.

ಹೀಗೆ ಹೇಳಿದರೆ ವಿಜಯ ಸಂಕೇಶ್ವರರನ್ನು ನೋಡಿ ಎನ್ನುವವರು ಸಿಕ್ಕೇ ಸಿಗುತ್ತಾರೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುಮಾಡಿ ವಿಆರ್‌ಎಲ್ ಕಟ್ಟಿದವರು. ಸಿನಿಮಾ ಕೂಡ ಬಂತು. ಆದರೆ ಆ ಕತೆಯನ್ನು ಲಾರಿಯ ಕತೆ ಎಂದು ಓದಿದರೆ ತಪ್ಪಾಗುತ್ತದೆ. ಅವರ ಹಿಂದೆ ಮುದ್ರಣ, ಪ್ರಕಾಶನದ ಮನೆತನದ ವ್ಯವಹಾರವಿತ್ತು. ಮುಂದೆ ಅವರು ಹೆಚ್ಚಿಸಿದ್ದು ಬರೀ ಗಾಡಿಗಳನ್ನಲ್ಲ, ಊರೂರಿನ ಬುಕಿಂಗ್ ಆಫೀಸುಗಳನ್ನು. ಪಾರ್ಸೆಲ್ ಕೊಡುವ ಅಂಗಡಿಯವನು ನೇರ ಅವರ ಕೌಂಟರಿಗೆ ಬಂದ. ಲೋಡು ಯಾರ ಕೈಯಲ್ಲಿದೆಯೋ ದರವೂ ಅವರ ಕೈಯಲ್ಲಿ. ಒಂದು ಲಾರಿ ಕೊಂಡ ಎಷ್ಟೋ ಸಾವಿರ ಜನರಲ್ಲಿ ಒಬ್ಬರು ಹಾಗಾದರು. ಉಳಿದವರ ಮೇಲೆ ಯಾರೂ ಸಿನಿಮಾ ತೆಗೆಯಲಿಲ್ಲ.

ಹಾಗಾದರೆ ಗಾಡಿಯೇ ಹಾಕಬಾರದೇ? ಹಾಕಬೇಕು, ಆದರೆ ಮೊದಲು ಲೋಡು, ಆಮೇಲೆ ಗಾಡಿ. ಮುಂಬಯಿಯ ಹೋಟೆಲಿನವರು ನಮಗೆ ಒಂದು ದಾರಿ ಮಾಡಿಟ್ಟಿದ್ದಾರೆ. ಉಡುಪಿ ಕಡೆಯಿಂದ ಬಂದು ಟೇಬಲ್ ಒರೆಸಿದ ಹುಡುಗ ನೇರವಾಗಿ ಹೋಟೆಲು ಕೊಳ್ಳುತ್ತಿರಲಿಲ್ಲ. ಬೇರೆಯವರ ಹೋಟೆಲನ್ನು ಕೆಲವು ವರ್ಷ ಕಂಡಕ್ಟಿಂಗ್ ಮೇಲೆ ನಡೆಸುತ್ತಿದ್ದ. ಗಿರಾಕಿ ಯಾರು, ಉದ್ರಿ ಎಷ್ಟು, ತಿಂಗಳ ಕೊನೆಗೆ ನಿಜವಾಗಿ ಏನು ಉಳಿಯುತ್ತದೆ ಎಂದು ಗಲ್ಲಾದ ಹಿಂದೆ ಕೂತು ಕಲಿತ ಮೇಲೆ ಸ್ವಂತದ ಯೋಚನೆ. ಲಾರಿಗೂ ಹಾಗೆ ಮಾಡಬಹುದು. ಪರಿಚಯದ ಮಾಲೀಕನ ಗಾಡಿಯನ್ನು ತಿಂಗಳಿಗೆ ಇಷ್ಟು ಎಂದು ಬಾಡಿಗೆಗೆ ಹಿಡಿದು, ಡೀಸೆಲ್ಲು, ಟೋಲು, ಲೋಡು ಎಲ್ಲ ತನ್ನ ಮೇಲೆ ಹಾಕಿಕೊಂಡು ಒಂದು ಮಳೆಗಾಲ ದಾಟಿಸಿ ನೋಡಲಿ. ಆ ತಿಂಗಳುಗಳಲ್ಲಿ ಕಂತಿನಷ್ಟು ಹಣ ಬೇರೆ ಖಾತೆಯಲ್ಲಿ ಉಳಿದಿದ್ದರೆ ಗಾಡಿ ಹಾಕಲಿ. ಮೂರು ತಿಂಗಳ ಕಂತು, ಎರಡು ಟ್ರಿಪ್ಪಿನ ಡೀಸೆಲ್ ಖರ್ಚು ಕೈಯಲ್ಲಿ ಇರದೆ, ಇದ್ದದ್ದನ್ನೆಲ್ಲ ಡೌನ್ ಪೇಮೆಂಟಿಗೆ ಸುರಿಯುವವನನ್ನು ನಾವು ತಡೆಯಲೇಬೇಕು.

ಹಾಕಿದ ಮೇಲೆ ಮೊದಲ ಕೆಲಸ ಉದ್ಯಮ್ ನೋಂದಣಿ. ಸರ್ಕಾರದ ಪೋರ್ಟಲಿನಲ್ಲಿ ಅದು ಪುಕ್ಕಟೆ. ಏಜೆಂಟನಿಗೆ ದುಡ್ಡು ಕೊಡಬೇಡಿ. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ ನೋಂದಾಯಿತ ಸಣ್ಣ ಉದ್ಯಮಿಯ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ತೀರಿಸಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ಮೀರಿ, ವರ್ಷ ಮುಗಿದರೂ ಕೊಡದ ಕಂಪನಿಗೆ ಆ ವರ್ಷ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸಲೂ ಆಗದಂತೆ 2024ರ ಏಪ್ರಿಲಿನಿಂದ ಬಿಗಿ ಮಾಡಲಾಗಿದೆ. ಒಂಟಿ ಗಾಡಿಯವನ ಕೈಯಲ್ಲಿರುವ ಕೆಲವೇ ಹಿಡಿಗಳಲ್ಲಿ ಇದೊಂದು. ಇದನ್ನು ತಿಳಿಸಿ ಹೇಳುವವರೇ ಕಡಿಮೆ.

ಅಲ್ಲಿಯೇ ನಮ್ಮ ಸಂಘ ಸಂಸ್ಥೆಗಳ ಪಾಲು ಇರುವುದು. ಬಿಲ್ಲವ ಸಮಾಜದ ಹಿರಿಯರು 1978ರಲ್ಲಿ ಕಟ್ಟಿದ ಭಾರತ್ ಬ್ಯಾಂಕಿನ ಕೇಂದ್ರ ಕಚೇರಿ ಜೋಗೇಶ್ವರಿಯ ನೆರೆಯ ಗೋರೆಗಾಂವಿನಲ್ಲೇ ಇದೆ. ನಮ್ಮವರ ಪತ್ತಿನ ಸೊಸೈಟಿಗಳು ಈ ಉಪನಗರಗಳಲ್ಲಿ ಬೇಕಾದಷ್ಟಿವೆ. ಗಾಡಿಯ ಸಾಲಕ್ಕೆ ಬಂದ ಹುಡುಗನ ಹತ್ತಿರ ಜಾಮೀನುದಾರರ ಸಹಿ ಕೇಳುವ ಮೊದಲು, ಅವನಿಗೆ ಮಾಲು ಕೊಡುತ್ತೇವೆಂದು ಇಬ್ಬರು ವ್ಯಾಪಾರಿಗಳು ಬರೆದುಕೊಟ್ಟ ಪತ್ರ ಕೇಳಿ. ಸಹಿ ಬಿದ್ದ ಬಿಲ್ಟಿಯ ಮೇಲೆ ಬ್ಯಾಲೆನ್ಸ್ ಬರುವ ತನಕ ಸಣ್ಣ ಮುಂಗಡ ಕೊಡುವ ವ್ಯವಸ್ಥೆ ಮಾಡಿ. ಕೈಗಡದವನ ಬಾಗಿಲಿಗೆ ಅವನು ಹೋಗುವುದು ತಪ್ಪುತ್ತದೆ. ಸಂಘಗಳು ವರ್ಷಕ್ಕೊಂದು ಯಕ್ಷಗಾನ, ಒಂದು ಸನ್ಮಾನದ ಜೊತೆ, ಹತ್ತು ಒಂಟಿ ಗಾಡಿಯವರನ್ನು ಒಂದು ಬುಕಿಂಗ್ ಫೋನಿನ ಕೆಳಗೆ ಕೂಡಿಸುವ ಕೆಲಸವನ್ನೂ ಕೈಗೆತ್ತಿಕೊಳ್ಳಲಿ. ಈ ಮಳೆಗಾಲದ ಒಳಗೆ ಒಂದಾದರೂ ಸಂಘ ಇದನ್ನು ಆರಂಭಿಸಬೇಕೆಂದು ನಮ್ಮ ಕೋರಿಕೆ.